ಲಿಗ್ಯಾಂಡ್‌ಗೂ ಕೆಲಸ ಕೊಡಿ: ಲೋಹದ ಜತೆ ದುಡಿಯುವ ಲಿಗ್ಯಾಂಡ್ ರೂಪಿಸುವುದು ಹೇಗೆ?

ಎಂಎಸ್ಸಿ ಪ್ರಾಜೆಕ್ಟ್ ವೈವಾಗಳಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ನಿಮ್ಮ ಲಿಗ್ಯಾಂಡ್ ನಿಜವಾಗಿಯೂ ಕೆಲಸ ಮಾಡುತ್ತಿದೆ ಅಂತ ಹೇಗೆ ಗೊತ್ತಾಯಿತು?" ಬರುವ ಉತ್ತರ ಹೆಚ್ಚಾಗಿ ಇಷ್ಟೇ: "ಅದರಲ್ಲಿ ಎನ್–ಎಚ್ ಇದೆ ಮೇಡಂ."

ಲಿಗ್ಯಾಂಡ್ ಅಂದರೆ ಲೋಹದ ಪರಮಾಣುವನ್ನು ಹಿಡಿದು ಕೂರುವ ಅಣು, ಎನ್–ಎಚ್ ಅಂದರೆ ಅದರಲ್ಲಿನ ಸಾರಜನಕ–ಹೈಡ್ರೋಜನ್ ಬಂಧ. ಅದು ಇದ್ದ ಮಾತ್ರಕ್ಕೆ ಲಿಗ್ಯಾಂಡ್ ದುಡಿಯುತ್ತಿದೆ ಎಂದಲ್ಲ. ಸುಮ್ನೆ ಕೂತಿರಲೂಬಹುದು. ಈ ಅನುಮಾನವನ್ನು ಪೇಪರ್ ಬರೆಯುವಾಗ ಅಲ್ಲ, ಲಿಗ್ಯಾಂಡ್‌ನ ಚಿತ್ರ ಬರೆಯುವ ದಿನವೇ ಎದುರಿಸಬೇಕು. ಬೆಂಗಳೂರಿನ ಸಾಧಾರಣ ಲ್ಯಾಬಿನಲ್ಲಿ, ಇರುವ ಸಲಕರಣೆಗಳಲ್ಲೇ ಅದನ್ನು ಹೇಗೆ ಮಾಡಬಹುದು ಅಂತ ಹಂತಹಂತವಾಗಿ ಹೇಳುತ್ತೇನೆ. ಎಂಎಸ್ಸಿ ಕೊನೆಯ ವರ್ಷದವರು, ಪಿಎಚ್‌ಡಿ ಶುರು ಮಾಡಿದವರು ನನ್ನ ಮನಸ್ಸಿನಲ್ಲಿದ್ದಾರೆ.

ಡ್ರೈವರ್ ಮತ್ತು ಕಂಡಕ್ಟರ್

ಹಳೆಯ ಪಾಠದಲ್ಲಿ ಲೋಹವೇ ಎಲ್ಲ. ಬಂಧ ಮುರಿಯುವುದು ಲೋಹ, ಕಟ್ಟುವುದು ಲೋಹ. ಲಿಗ್ಯಾಂಡ್ ಬರೀ ಪ್ರೇಕ್ಷಕ. ಲೋಹಕ್ಕೆ ಎಲೆಕ್ಟ್ರಾನ್ ಕೊಟ್ಟು, ಸುತ್ತ ಜಾಗ ಕಾದು, ಸುಮ್ಮನೆ ಇರುತ್ತದೆ.

ಬಿಎಂಟಿಸಿ ಬಸ್ ನೆನಪಿಸಿಕೊಳ್ಳಿ. ಡ್ರೈವರ್ ಗಾಡಿ ಓಡಿಸುತ್ತಾರೆ. ಟಿಕೆಟ್ ಕೊಡುವುದು, ಸೀಟಿ ಊದಿ "ರೈಟ್" ಹೇಳುವುದು ಕಂಡಕ್ಟರ್. ಇಬ್ಬರೂ ತಮ್ಮ ಕೆಲಸ ಮಾಡಿದರೆ ಸ್ಟಾಪಿನಲ್ಲಿ ಬಸ್ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಸಹಕಾರಿ ಲಿಗ್ಯಾಂಡ್ ಅಂದರೆ ಈ ಕಂಡಕ್ಟರ್. ಲೋಹ ಹೈಡ್ರೈಡ್ (ಎರಡು ಎಲೆಕ್ಟ್ರಾನ್ ಹೊತ್ತ ಹೈಡ್ರೋಜನ್) ಹಿಡಿದರೆ, ಲಿಗ್ಯಾಂಡ್ ಪ್ರೋಟಾನ್ (ಎಲೆಕ್ಟ್ರಾನ್ ಇಲ್ಲದ ಹೈಡ್ರೋಜನ್) ಹಿಡಿಯುತ್ತದೆ. ಹೈಡ್ರೋಜನ್ ಅಣು ಇಬ್ಬರ ನಡುವೆ ಸೀಳುತ್ತದೆ, ಆದರೆ ಲೋಹದ ಆಕ್ಸಿಡೇಶನ್ ಸ್ಥಿತಿ ಬದಲಾಗುವುದಿಲ್ಲ. ಇದು ದೊಡ್ಡ ಲಾಭ. ಎರಡೆರಡು ಎಲೆಕ್ಟ್ರಾನ್ ಬಿಟ್ಟುಕೊಡಲು ಹಿಂಜರಿಯುವ ಕಬ್ಬಿಣ, ಮ್ಯಾಂಗನೀಸ್‌ನಂಥ ಅಗ್ಗದ ಲೋಹಗಳೂ ಹೀಗಾಗಿ ಈ ಕೆಲಸಕ್ಕೆ ಬರುತ್ತವೆ.

ದಾರಿ ತೋರಿಸಿದವರು ಹಲವರು. 1980ರ ದಶಕದ ನಡುವಿನಲ್ಲಿ ಇಸ್ರೇಲಿನ ಯೂವಲ್ ಶ್ವೋ ರುಥೇನಿಯಂ ಸಂಯುಕ್ತವೊಂದನ್ನು ಮಾಡಿದರು. ಅದರ ಐದು ಮೂಲೆಯ ಉಂಗುರದ ಮೇಲಿನ ಓ–ಎಚ್ ಪ್ರೋಟಾನ್ ಕೊಡುತ್ತದೆ, ರುಥೇನಿಯಂ ಹೈಡ್ರೈಡ್ ಕೊಡುತ್ತದೆ. 1995ರಲ್ಲಿ ಜಪಾನಿನ ರ್‍ಯೋಜಿ ನೊಯೊರಿ ಗುಂಪು ರುಥೇನಿಯಂ ಮತ್ತು ಡೈಅಮೀನ್ ಲಿಗ್ಯಾಂಡ್ ಬಳಸಿ ಕೀಟೋನ್‌ಗಳಿಂದ ಒಂದೇ ಕೈಯ ಆಲ್ಕೋಹಾಲ್ (ಎಡಗೈ–ಬಲಗೈಯಂಥ ಎರಡು ಕನ್ನಡಿ ರೂಪಗಳಲ್ಲಿ ಒಂದು) ಪಡೆಯಿತು. ನೊಯೊರಿ 2001ರ ನೊಬೆಲ್ ಹಂಚಿಕೊಂಡರು. 2005ರಲ್ಲಿ ವೈಜ್‌ಮನ್ ಸಂಸ್ಥೆಯ ಡೇವಿಡ್ ಮಿಲ್‌ಸ್ಟೈನ್ ಗುಂಪು ಪಿರಿಡಿನ್ ಉಂಗುರವನ್ನೇ ಆಟಕ್ಕೆ ಇಳಿಸಿತು. ಉಂಗುರದ ಪಕ್ಕದ ತೋಳಿನಿಂದ ಒಂದು ಪ್ರೋಟಾನ್ ತೆಗೆದರೆ ಉಂಗುರ ತನ್ನ ಆರೊಮ್ಯಾಟಿಕ್ ಗುಣ ಬಿಟ್ಟುಕೊಡುತ್ತದೆ. ಪ್ರೋಟಾನ್ ವಾಪಸ್ ಸಿಕ್ಕಿದಾಗ ಆ ಗುಣ ಮರಳುತ್ತದೆ. ಆ ಮರಳುವ ಆಸೆಯೇ ಹೈಡ್ರೋಜನ್ ಸೀಳಲು ಬೇಕಾದ ಬಲದ ಒಂದು ಪಾಲು. 2007ರಲ್ಲಿ ಅದೇ ಗುಂಪು ಆಲ್ಕೋಹಾಲ್ ಮತ್ತು ಅಮೀನ್‌ನಿಂದ ನೇರವಾಗಿ ಅಮೈಡ್ ಮಾಡಿತು. ಹೊರಬಂದದ್ದು ಹೈಡ್ರೋಜನ್ ಅನಿಲ ಮಾತ್ರ. ಆ ಪೇಪರ್‌ನ ಮೊದಲ ಲೇಖಕ ಚಿದಂಬರಂ ಗುಣನಾಥನ್ ನಮ್ಮ ದೇಶದವರು ಅನ್ನುವುದನ್ನು ನನ್ನ ವಿದ್ಯಾರ್ಥಿಗಳಿಗೆ ಮರೆಯದೆ ಹೇಳುತ್ತೇನೆ.

ಬೇರೆ ಬಗೆಯ ಸಹಕಾರವೂ ಇದೆ. ಕೆಲವು ಲಿಗ್ಯಾಂಡ್‌ಗಳು ಎಲೆಕ್ಟ್ರಾನ್‌ಗಳನ್ನೇ ಸಾಲ ಕೊಟ್ಟು ಪಡೆಯುತ್ತವೆ. ಗ್ಯಾಲಕ್ಟೋಸ್ ಆಕ್ಸಿಡೇಸ್ ಎಂಬ ಕಿಣ್ವದಲ್ಲಿ ತಾಮ್ರದ ಪಕ್ಕದ ಟೈರೋಸಿನ್ ಇದನ್ನೇ ಮಾಡುತ್ತದೆ. ಕೆಲವು ಒಂದು ಕೈ ಬಿಟ್ಟು ಜಾಗ ಮಾಡಿಕೊಡುತ್ತವೆ, ಆಮೇಲೆ ಮತ್ತೆ ಹಿಡಿಯುತ್ತವೆ. ಇವನ್ನು ಹೆಮಿಲೇಬೈಲ್ ಅನ್ನುತ್ತಾರೆ, 1979ರಿಂದ ಬಳಕೆಯಲ್ಲಿರುವ ಹೆಸರು. ಇಲ್ಲಿ ನಾನು ಪ್ರೋಟಾನ್ ಹಿಡಿಯುವ ಬಗೆಗೇ ಅಂಟಿಕೊಳ್ಳುತ್ತೇನೆ. ಮೊದಲ ಸಲ ಕೈಹಾಕುವವರಿಗೆ ಅದೇ ಸರಿ.

ಮೊದಲ ಹೆಜ್ಜೆ: ಲಿಗ್ಯಾಂಡ್ ಬಿಡಿ, ಕ್ರಿಯೆ ಬರೆಯಿರಿ

ಬಹಳ ಜನ ಚೆಂದದ ಲಿಗ್ಯಾಂಡ್ ಬರೆದು ಆಮೇಲೆ ಕ್ರಿಯೆ ಹುಡುಕುತ್ತಾರೆ. ಇದನ್ನು ತಿರುಗುಮುರುಗು ಮಾಡಿ. ನಮ್ಮ ಉದಾಹರಣೆಗೆ ಬೆಂಜೈಲ್ ಆಲ್ಕೋಹಾಲ್ ತೆಗೆದುಕೊಳ್ಳೋಣ. ಎರಡು ಅಣು ಸೇರಿ ಒಂದು ಬೆಂಜೈಲ್ ಬೆಂಜೊಯೇಟ್ ಆಗಬೇಕು, ಎರಡು ಅಣು ಹೈಡ್ರೋಜನ್ ಹೊರಗೆ ಬರಬೇಕು.

ಯಾವ ಬಂಧ ಮುರಿಯುತ್ತದೆ? ಓ–ಎಚ್ ಮತ್ತು ಸಿ–ಎಚ್. ಓ–ಎಚ್‌ನ ಹೈಡ್ರೋಜನ್ ಪ್ರೋಟಾನ್ ಆಗಿ ಹೋಗುತ್ತದೆ, ಸಿ–ಎಚ್‌ನದು ಹೈಡ್ರೈಡ್ ಆಗಿ. ಪ್ರೋಟಾನ್ ಲಿಗ್ಯಾಂಡ್‌ಗೆ, ಹೈಡ್ರೈಡ್ ಲೋಹಕ್ಕೆ. ಆಮೇಲೆ ಇವೆರಡೂ ಸೇರಿ ಹೈಡ್ರೋಜನ್ ಅಣುವಾಗಿ ಹೊರಡಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ವೃತ್ತವಾಗಿ ಬರೆಯಿರಿ. ಪ್ರತಿ ಬಾಣದ ಪಕ್ಕ ಒಂದೇ ಪ್ರಶ್ನೆ: ಇಲ್ಲಿ ಬಸ್ ನಿಂತುಬಿಡುತ್ತದಾ? ಆಲ್ಕೋಹಾಲ್ ಡಿಹೈಡ್ರೋಜನೇಶನ್‌ನಲ್ಲಿ ಹೈಡ್ರೋಜನ್ ಹೊರಡುವ ಹಂತದಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. ಕೀಟೋನ್‌ಗೆ ಹೈಡ್ರೋಜನ್ ಸೇರಿಸುವಾಗ ಇದರ ತಿರುಗುಮುರುಗು, ಹೈಡ್ರೋಜನ್ ಸೀಳುವ ಹಂತ ಕಷ್ಟವಾಗಬಹುದು. ಒಂದೇ ಲಿಗ್ಯಾಂಡ್ ಎರಡಕ್ಕೂ ಅತ್ಯುತ್ತಮ ಆಗುವುದು ಅಪರೂಪ.

ಎರಡನೇ ಹೆಜ್ಜೆ: ಯಾರು ಎಲ್ಲಿ ನಿಲ್ಲಬೇಕು

ನೊಯೊರಿ ಮಾದರಿಯಲ್ಲಿ ಲೋಹದ ಮೇಲಿನ ಹೈಡ್ರೈಡ್ ಮತ್ತು ಸಾರಜನಕದ ಮೇಲಿನ ಪ್ರೋಟಾನ್ ಒಂದೇ ಕಡೆಗೆ ಮುಖ ಮಾಡಿರುತ್ತವೆ. ಕೀಟೋನ್ ಬಂದರೆ ಅದರ ಕಾರ್ಬನ್ ಹೈಡ್ರೈಡ್ ಕಡೆಗೆ, ಆಮ್ಲಜನಕ ಪ್ರೋಟಾನ್ ಕಡೆಗೆ. ಲೋಹ, ಹೈಡ್ರೈಡ್, ಕಾರ್ಬನ್, ಆಮ್ಲಜನಕ, ಪ್ರೋಟಾನ್, ಸಾರಜನಕ ಸೇರಿ ಆರು ಮೂಲೆಯ ಉಂಗುರವಾಗುತ್ತದೆ. ಕೀಟೋನ್ ಲೋಹವನ್ನು ಮುಟ್ಟುವುದೇ ಇಲ್ಲ.

ಬಾಲ್ ಅಂಡ್ ಸ್ಟಿಕ್ ಮಾಡೆಲ್ ಕೈಗೆ ತೆಗೆದುಕೊಂಡು ಕಟ್ಟಿ ನೋಡಿ. ಕಂಪ್ಯೂಟರ್ ಆಮೇಲೆ. ಎನ್–ಎಚ್ ಹೈಡ್ರೈಡ್‌ಗೆ ಬೆನ್ನು ಹಾಕಿ ನಿಂತಿದ್ದರೆ ಅದು ಎಷ್ಟೇ ಸರಿಯಾದ ಬಲದ್ದಾದರೂ ಉಪಯೋಗಕ್ಕೆ ಬಾರದು. ನಿಕ್ಕಲ್ ಬಳಸಿ ಹೈಡ್ರೋಜನ್ ಉತ್ಪಾದಿಸುವ, ಅಮೆರಿಕದ ರಸಾಯನಶಾಸ್ತ್ರಜ್ಞ ಡ್ಯೂಬಾ ಗುಂಪಿನ ಸಂಯುಕ್ತಗಳಲ್ಲಿ ಈ ತೊಂದರೆ ಚೆನ್ನಾಗಿ ಕಾಣುತ್ತದೆ. ಅಲ್ಲಿ ಲಿಗ್ಯಾಂಡ್‌ನ ಉಂಗುರದಲ್ಲಿ ಅಮೀನ್‌ಗಳು ನಿಕ್ಕಲ್ ಕಡೆ ಬಾಗಿರುತ್ತವೆ. ಪ್ರೋಟಾನ್ ಒಳಗಡೆ ಬಂದು ಕೂತರೆ ಕೆಲಸ ನಡೆಯುತ್ತದೆ. ಹೊರಗಡೆಯಿಂದ ಅಂಟಿಕೊಂಡರೆ ಎರಡು ಅಮೀನ್‌ಗಳ ನಡುವೆ ಸಿಕ್ಕಿಕೊಂಡು ವೇಗ ಬಿದ್ದುಹೋಗುತ್ತದೆ.

ಮೂರನೇ ಹೆಜ್ಜೆ: ಬಲ ಹೊಂದಿಸುವುದು

ಇದು ವಿನ್ಯಾಸದ ಹೃದಯ. ಇಲ್ಲಿ ಸಮಯ ಕೊಡಿ.

ಸ್ವತಂತ್ರ ಹೈಡ್ರೋಜನ್ ಅಣು ಅತಿ ದುರ್ಬಲ ಆಮ್ಲ. ಲೋಹಕ್ಕೆ ಪಕ್ಕದಿಂದ ಅಂಟಿಕೊಂಡ ಕೂಡಲೇ ಅದರ ಆಮ್ಲತೆ ಎಷ್ಟೋ ಹತ್ತರ ಘಾತಗಳಷ್ಟು ಏರುತ್ತದೆ. ಹಾಗೆ ಇಡೀ ಅಣುವಾಗಿಯೇ ಲೋಹಕ್ಕೆ ಅಂಟಬಲ್ಲದು ಅಂತ 1984ರಲ್ಲಿ ಗ್ರೆಗರಿ ಕೂಬಾಸ್ ಟಂಗ್‌ಸ್ಟನ್ ಸಂಯುಕ್ತದಲ್ಲಿ ತೋರಿಸಿದರು. ಈಗ ಪಕ್ಕದಲ್ಲಿರುವ ಲಿಗ್ಯಾಂಡ್ ಆ ಪ್ರೋಟಾನ್ ಎಳೆದುಕೊಳ್ಳಬೇಕು. ಲಿಗ್ಯಾಂಡ್‌ನ ಬೇಸ್ (ಪ್ರೋಟಾನ್ ಹಿಡಿಯುವ ಭಾಗ) ತೀರಾ ದುರ್ಬಲವಾದರೆ ಎಳೆಯುವುದೇ ಇಲ್ಲ. ತೀರಾ ಬಲವಾದರೆ ಎಳೆದುಕೊಂಡು ಬಿಡುವುದೇ ಇಲ್ಲ. ಕೊಟ್ಟು ತೆಗೆದುಕೊಳ್ಳುವ ಎರಡೂ ದಿಕ್ಕಿನಲ್ಲಿ ಶಕ್ತಿಯ ವ್ಯತ್ಯಾಸ ಸೊನ್ನೆಯ ಹತ್ತಿರ ಇರಬೇಕು.

ಡ್ಯೂಬಾ ಗುಂಪು ಹೈಡ್ರೋಜನೇಸ್ ಕಿಣ್ವ ನೋಡಿ ಕಲಿತದ್ದು ಇದನ್ನೇ. ಫಾಸ್ಫರಸ್ ಮೇಲಿನ ಗುಂಪು ಬದಲಿಸಿದರೆ ನಿಕ್ಕಲ್‌ನ ಹೈಡ್ರೈಡ್ ಕೊಡುವ ಶಕ್ತಿ ಬದಲಾಗುತ್ತದೆ. ಸಾರಜನಕದ ಮೇಲಿನ ಗುಂಪು ಬದಲಿಸಿದರೆ ಪ್ರೋಟಾನ್ ಹಿಡಿಯುವ ಶಕ್ತಿ ಬದಲಾಗುತ್ತದೆ. ಅಂದರೆ ಎರಡು ತಿರುಪು, ಎರಡನ್ನೂ ಬೇರೆಬೇರೆಯಾಗಿ ತಿರುಗಿಸಬಹುದು. 2011ರಲ್ಲಿ ಅಂಥ ಒಂದು ನಿಕ್ಕಲ್ ಸಂಯುಕ್ತ ಸೆಕೆಂಡಿಗೆ 1,06,000 ಹೈಡ್ರೋಜನ್ ಅಣು ಉತ್ಪಾದಿಸಿದ ವರದಿ ಬಂತು. ನಿಮ್ಮ ಚಿತ್ರದಲ್ಲೂ ಈ ಎರಡು ತಿರುಪು ಎಲ್ಲಿವೆ ಅಂತ ಗುರುತು ಹಾಕಿ. ಒಂದೇ ಗುಂಪು ಎರಡನ್ನೂ ಒಟ್ಟಿಗೆ ಬದಲಿಸುವಂತಿದ್ದರೆ ಚಿತ್ರ ಮತ್ತೆ ಬರೆಯಿರಿ. ಮುಂದೆ ಸರಿಪಡಿಸಲು ದಾರಿ ಇರುವುದಿಲ್ಲ.

ನಾಲ್ಕನೇ ಹೆಜ್ಜೆ: ಚೌಕಟ್ಟು

ಲೋಹವನ್ನು ಮೂರು ಕಡೆಯಿಂದ ಹಿಡಿಯುವ ಪಿನ್ಸರ್ ಲಿಗ್ಯಾಂಡ್ ಮೊದಲ ಆಯ್ಕೆ. ಬಿಸಿಗೆ ತಡೆಯುತ್ತದೆ, ನಡುವಿನ ಸಾರಜನಕವೂ ಪಕ್ಕದ ತೋಳೂ ಸಹಕಾರಕ್ಕೆ ಸಿಗುತ್ತವೆ. ತೋಳಿನ ತುದಿಯ ಫಾಸ್ಫಿನ್ ಎಷ್ಟು ದಪ್ಪ ಅನ್ನುವುದಕ್ಕೆ ಟೋಲ್ಮನ್ ಕೋನ ನೋಡಿ. ಟ್ರೈಮಿಥೈಲ್ ಫಾಸ್ಫಿನ್ 118 ಡಿಗ್ರಿ, ಟ್ರೈಫೀನೈಲ್ 145, ಟ್ರೈ ಟರ್ಷರಿ ಬ್ಯುಟೈಲ್ 182. ದಪ್ಪ ಗುಂಪು ಹಾಕಿದರೆ ಎರಡು ಲೋಹ ಜೋಡಿಯಾಗಿ ಮಲಗುವುದು ತಪ್ಪುತ್ತದೆ, ಆದರೆ ದಪ್ಪ ಆಲ್ಕೋಹಾಲ್ ಒಳಗೆ ಬರುವುದಿಲ್ಲ. ಮೊದಲ ಸಲಕ್ಕೆ ಫೀನೈಲ್ ಸಾಕು. ಗಾಳಿಗೆ ಸ್ವಲ್ಪ ತಡೆಯುತ್ತದೆ, ಗಟ್ಟಿ ಪುಡಿಯಾಗಿ ಸಿಗುತ್ತದೆ.

ಐದನೇ ಹೆಜ್ಜೆ: ಕೈ ಕಟ್ಟಿದ ಜೋಡಿ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದುಡಿಯುವ ಲಿಗ್ಯಾಂಡ್ ಬರೆದ ಹಾಳೆಯಲ್ಲೇ ಅದರ ಪಕ್ಕ ಕೈ ಕಟ್ಟಿದ ಲಿಗ್ಯಾಂಡ್ ಬರೆಯಿರಿ. ಉಳಿದೆಲ್ಲ ಒಂದೇ. ಪ್ರೋಟಾನ್ ಕೊಡುವ ಜಾಗದಲ್ಲಿ ಮಾತ್ರ ಹೈಡ್ರೋಜನ್ ಬದಲು ಮಿಥೈಲ್. ಕಂಡಕ್ಟರ್ ಇಲ್ಲದೆ ಬಸ್ ಓಡುತ್ತದಾ ಅಂತ ನೋಡುವ ದಾರಿ ಇದು.

ಆ ಜೋಡಿಯನ್ನು ಮಾಡಲು ಸಾಧ್ಯವೇ ಇಲ್ಲದ ಲಿಗ್ಯಾಂಡ್ ಇದ್ದರೆ ನಾನು ಅದನ್ನು ಆರಿಸುವುದಿಲ್ಲ, ಎಷ್ಟೇ ಚೆಂದವಾಗಿದ್ದರೂ. ಎರಡನ್ನೂ ಒಂದೇ ವಾರದಲ್ಲಿ ಮಾಡಿ. "ಫಲಿತಾಂಶ ಬಂದ ಮೇಲೆ ಕಂಟ್ರೋಲ್ ಮಾಡೋಣ" ಅಂದವರು ಮಾಡುವುದಿಲ್ಲ, ಅಲ್ವಾ? ನನ್ನ ಮೊದಲ ಎರಡು ವರ್ಷ ಹಾಗೇ ಹೋದವು. ಕೊನೆಗೆ ಮಾಡಿದಾಗ ಕೈ ಕಟ್ಟಿದ್ದೂ ಅಷ್ಟೇ ವೇಗದಲ್ಲಿ ಓಡಿತು. ಬರೆದಿಟ್ಟ ಅಧ್ಯಾಯ ಪೂರ್ತಿ ತೆಗೆಯಬೇಕಾಯಿತು.

ಆರನೇ ಹೆಜ್ಜೆ: ಲಿಗ್ಯಾಂಡ್ ಮಾಡುವುದು

ನಾನು ಸೂಚಿಸುವ ಜೋಡಿ 2,6-ಡೈಅಮಿನೋಪಿರಿಡಿನ್‌ನಿಂದ ಹುಟ್ಟುತ್ತದೆ. ಎರಡು ಅಮಿನೋ ಗುಂಪಿಗೂ ಒಂದೊಂದು ಡೈಫೀನೈಲ್‌ಫಾಸ್ಫಿನ್ ಸೇರಿಸಿದರೆ ಪಿನ್ಸರ್ ಸಿದ್ಧ. ತೋಳಿನ ಎನ್–ಎಚ್ ಪ್ರೋಟಾನ್ ಕೊಡಬಲ್ಲದು. ಮಿಥೈಲ್‌ಅಮಿನೋ ಇರುವ ಪಿರಿಡಿನ್‌ನಿಂದ ಶುರು ಮಾಡಿದರೆ ಕೈ ಕಟ್ಟಿದ ಜೋಡಿ. ಚುರುಕುತನದಲ್ಲಿ ಇದು ಎಲ್ಲಕ್ಕಿಂತ ಮುಂದೆ ಇರದು. ಫಾಸ್ಫರಸ್–ಸಾರಜನಕ ಬಂಧ ಆಮ್ಲ ಮತ್ತು ನೀರಿಗೆ ಹೆದರುತ್ತದೆ ಕೂಡ. ಆದರೆ ಕಲಿಯಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಚುರುಕು ಬೇಕಾದವರು ಆಮೇಲೆ ರುಥೇನಿಯಂ ಮಾಚೋ (Ru-MACHO) ಎಂಬ ವೇಗವರ್ಧಕ ಕೊಂಡು ಹೋಲಿಸಬಹುದು.

ಆರ್ಗಾನ್ ಕೆಳಗೆ ಒಣ ಫ್ಲಾಸ್ಕಿಗೆ 1.09 ಗ್ರಾಂ (10 ಮಿಲಿಮೋಲ್) ಡೈಅಮಿನೋಪಿರಿಡಿನ್, ಸುಮಾರು 60 ಮಿಲಿಲೀಟರ್ ಒಣ ಟೊಲ್ಯೂಯಿನ್, 3.1 ಮಿಲಿಲೀಟರ್ ಟ್ರೈಈಥೈಲ್‌ಅಮೀನ್ ಹಾಕಿ. ಐಸ್ ಮೇಲಿಟ್ಟು 4.41 ಗ್ರಾಂ (20 ಮಿಲಿಮೋಲ್) ಕ್ಲೋರೋಡೈಫೀನೈಲ್‌ಫಾಸ್ಫಿನ್ ಹನಿಹನಿಯಾಗಿ ಬಿಡಿ. ಇದು ನೀರಿನ ಜತೆ ಸೇರಿದರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಚರ್ಮ ಸುಡುತ್ತದೆ. ಹುಡ್ ಒಳಗೇ, ಗ್ಲೌಸ್ ಮತ್ತು ಕನ್ನಡಕ ಹಾಕಿಯೇ ಮಾಡಿ. ಆಮೇಲೆ 80 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕಿ. ಬಿಳಿ ಉಪ್ಪನ್ನು ಸೀಲೈಟ್ ಮೇಲೆ, ಆರ್ಗಾನ್ ಕೆಳಗೇ ಸೋಸಿ, ದ್ರಾವಕ ಎಳೆದುಬಿಡಿ. ಪೂರ್ತಿ ಸಿಕ್ಕರೆ 4.78 ಗ್ರಾಂ. ಮಿಥೈಲ್ ಜೋಡಿಯ ಅಮೀನ್‌ಗೆ ಅಷ್ಟು ಚುರುಕಿಲ್ಲ. ಟ್ರೈಈಥೈಲ್‌ಅಮೀನ್ ಸಾಲದಿದ್ದರೆ ಬ್ಯುಟೈಲ್ ಲಿಥಿಯಂ ಬೇಕಾಗುತ್ತದೆ. ಅದನ್ನು ಮೊದಲ ಸಲ ಬಳಸುವವರು ಅನುಭವಸ್ಥರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಫಾಸ್ಫರಸ್ ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸುತ್ತಲಿನ ಪರಿಸರ ತೋರಿಸುವ ಪರೀಕ್ಷೆ) ಶುರುವಿನ ಕ್ಲೋರೋಫಾಸ್ಫಿನ್ 81–82 ಪಿಪಿಎಂ ಹತ್ತಿರ, ಲಿಗ್ಯಾಂಡ್ 25–26 ಹತ್ತಿರ ಬರುತ್ತದೆ. ಇಲ್ಲಿ ಒಂದು ಮೋಸವಿದೆ. ನೀರು ತಗುಲಿ ಹುಟ್ಟುವ ಡೈಫೀನೈಲ್‌ಫಾಸ್ಫಿನ್ ಆಕ್ಸೈಡ್ ಕೂಡ 22ರ ಆಸುಪಾಸಿನಲ್ಲೇ ಕೂರುತ್ತದೆ. ಒಂದೇ ಶಿಖರ ನೋಡಿ "ಆಯಿತು" ಅನ್ನಬೇಡಿ. ಪ್ರೋಟಾನ್ ಡೀಕಪ್ಲಿಂಗ್ ತೆಗೆದು ಮತ್ತೊಮ್ಮೆ ಓಡಿಸಿ. ಶಿಖರ ಸುಮಾರು 480 ಹರ್ಟ್ಸ್ ಅಂತರದಲ್ಲಿ ಎರಡಾಗಿ ಸೀಳಿದರೆ ಅದು ಪಿ–ಎಚ್ ಇರುವ ಆಕ್ಸೈಡ್, ನಿಮ್ಮ ಲಿಗ್ಯಾಂಡ್ ಅಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಿಮ್ಮ ಕಾಲೇಜಿನಲ್ಲಿ ಎನ್‌ಎಂಆರ್ ಇಲ್ಲದಿದ್ದರೆ ಸ್ಯಾಂಪಲ್ ಹೊರಗೆ ಹೋಗಬೇಕು. ಟಾಟಾ ಇನ್‌ಸ್ಟಿಟ್ಯೂಟ್‌ನ (ಐಐಎಸ್‌ಸಿ) ಎನ್‌ಎಂಆರ್ ಕೇಂದ್ರದಂಥ ಕಡೆ ಹೊರಗಿನವರ ಸ್ಯಾಂಪಲ್‌ಗಳನ್ನೂ ತೆಗೆದುಕೊಳ್ಳುತ್ತಾರೆ. ಜ್ಞಾನಭಾರತಿಯಿಂದ ಅಲ್ಲಿಗೆ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ, ಅಲ್ಲಿ ಸರದಿ ಬರಲು ಇನ್ನೊಂದು ದಿನ. ಮಾಮೂಲಿ ಪ್ಲಾಸ್ಟಿಕ್ ಕ್ಯಾಪ್ ಹಾಕಿದ ಟ್ಯೂಬಿನಲ್ಲಿ ಅಷ್ಟು ಹೊತ್ತಿಗೆ ಗಾಳಿ ಸೇರಿರುತ್ತದೆ. ತಿರುಪಿನ ವಾಲ್ವ್ ಇರುವ ಟ್ಯೂಬ್ ಬಳಸಿ. ಇಲ್ಲವೇ ಟ್ಯೂಬ್‌ನ ಕುತ್ತಿಗೆಯನ್ನು ಗಾಜು ಕೆಲಸದವರ ಕೈಲಿ ಕರಗಿಸಿ ಮುಚ್ಚಿಸಿ.

ಏಳನೇ ಹೆಜ್ಜೆ: ಲೋಹ ಸೇರಿಸುವುದು

ಮೂರು ಟ್ರೈಫೀನೈಲ್‌ಫಾಸ್ಫಿನ್ ಹಿಡಿದ ರುಥೇನಿಯಂ ಹೈಡ್ರೈಡೋ ಕ್ಲೋರೋ ಕಾರ್ಬೊನೈಲ್ ತೆಗೆದುಕೊಂಡು, ಅಷ್ಟೇ ಮೋಲ್ ಲಿಗ್ಯಾಂಡ್ ಜತೆ ಟೊಲ್ಯೂಯಿನ್‌ನಲ್ಲಿ ರಿಫ್ಲಕ್ಸ್ ಮಾಡಿ (ಆವಿ ತಣಿದು ವಾಪಸ್ ಬೀಳುವಂತೆ ಕುದಿಸಿ). ಪಿನ್ಸರ್ ಒಳಗೆ ಕೂತಂತೆ ಟ್ರೈಫೀನೈಲ್‌ಫಾಸ್ಫಿನ್ ಹೊರಬರುತ್ತದೆ. ಅದರ ಶಿಖರ ಮೈನಸ್ 5ರ ಹತ್ತಿರ. ತಣ್ಣಗಾದ ಮೇಲೆ ಈಥರ್‌ನಿಂದ ತೊಳೆದು ಅದು ಪೂರ್ತಿ ಹೋಗುವವರೆಗೂ ಬಿಡಬೇಡಿ. ಉಳಿದ ಫಾಸ್ಫಿನ್ ಮುಂದೆ ಎಲ್ಲ ಲೆಕ್ಕ ಕೆಡಿಸುತ್ತದೆ.

ಪ್ರೋಟಾನ್ ಎನ್‌ಎಂಆರ್‌ನಲ್ಲಿ ಸೊನ್ನೆಯ ಬಲಕ್ಕೆ ಹೋಗಿ ಹೈಡ್ರೈಡ್ ಹುಡುಕಿ. ಕ್ಲೋರೈಡ್ ಎದುರಿಗಿರುವ ಹೈಡ್ರೈಡ್ ಸುಮಾರು ಮೈನಸ್ 15ರಲ್ಲಿ, ಎರಡು ಸಮಾನ ಫಾಸ್ಫರಸ್ ಪಕ್ಕದಲ್ಲಿರುವುದರಿಂದ ಮೂರು ಗೆರೆಯಾಗಿ ಕಾಣಬೇಕು. ಬೇಸ್ ಹಾಕಿ ಕ್ಲೋರೈಡ್ ತೆಗೆದಾಗ ಎದುರಿನ ಜಾಗ ಖಾಲಿಯಾಗುತ್ತದೆ, ಶಿಖರ ಮೈನಸ್ 20 ದಾಟಿ ಸರಿಯುತ್ತದೆ. ಎರಡು ಹೈಡ್ರೈಡ್ ಎದುರುಬದುರು ಕೂತರೆ ಮೈನಸ್ 5ರ ಆಸುಪಾಸಿಗೆ ಬರುತ್ತದೆ. ಹೈಡ್ರೈಡ್ ಎದುರಿಗೆ ಯಾರಿದ್ದಾರೆ ಅಂತ ಈ ಒಂದು ಸಂಖ್ಯೆಯೇ ಹೇಳಿಬಿಡುತ್ತದೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದದ್ದು ಇದೇ.

ಇನ್ನೊಂದು ಸಾಕ್ಷಿ ಫಾಸ್ಫರಸ್‌ನದು. ಒಂದು ತೋಳು ಮಾತ್ರ ಪ್ರೋಟಾನ್ ಕಳೆದುಕೊಂಡರೆ ಎರಡು ಫಾಸ್ಫರಸ್ ಸಮಾನ ಅಲ್ಲ. ಒಂದೇ ಶಿಖರ ಇದ್ದದ್ದು ಎರಡು ಜೋಡಿ ಗೆರೆಯಾಗುತ್ತದೆ. ಐಆರ್‌ನಲ್ಲಿ (ಇನ್‌ಫ್ರಾರೆಡ್ ಪರೀಕ್ಷೆ) ಕಾರ್ಬೊನೈಲ್ ಗೆರೆ ಕೆಳಗೆ ಇಳಿಯುತ್ತದೆ, ಏಕೆಂದರೆ ಪ್ರೋಟಾನ್ ಬಿಟ್ಟ ಲಿಗ್ಯಾಂಡ್ ಲೋಹಕ್ಕೆ ಇನ್ನಷ್ಟು ಎಲೆಕ್ಟ್ರಾನ್ ತಳ್ಳುತ್ತದೆ. ಕೈ ಕಟ್ಟಿದ ಜೋಡಿಯಲ್ಲಿ ಇವೆರಡೂ ಆಗಬಾರದು. ಅಲ್ಲೂ ಆಗಿಬಿಟ್ಟರೆ ಏನೋ ಬೇರೆ ನಡೆದಿದೆ ಎಂದರ್ಥ.

ಎಂಟನೇ ಹೆಜ್ಜೆ: ಓಡಿಸುವುದು, ಅಳೆಯುವುದು

10 ಮಿಲಿಮೋಲ್ (1.08 ಗ್ರಾಂ) ಬೆಂಜೈಲ್ ಆಲ್ಕೋಹಾಲ್, 0.01 ಮಿಲಿಮೋಲ್ (6.4 ಮಿಲಿಗ್ರಾಂ) ರುಥೇನಿಯಂ ಸಂಯುಕ್ತ, ಅದಕ್ಕೆ ಸಮನಾದ ಪೊಟ್ಯಾಸಿಯಂ ಟರ್ಷರಿ ಬ್ಯುಟಾಕ್ಸೈಡ್, 5 ಮಿಲಿಲೀಟರ್ ಟೊಲ್ಯೂಯಿನ್. ಬೇಸ್ ಒಂದೇ ಮಿಲಿಗ್ರಾಂ ಚಿಲ್ಲರೆ, ತೂಗಲು ಹೋಗಬೇಡಿ. ಟಿಎಚ್‌ಎಫ್ ಎಂಬ ದ್ರಾವಕದಲ್ಲಿ ದ್ರಾವಣ ಮಾಡಿಕೊಂಡು ಸಿರಿಂಜ್‌ನಲ್ಲಿ ಹಾಕಿ. ಮುಚ್ಚಿದ ಟ್ಯೂಬ್ ಬೇಡ. ಹೈಡ್ರೋಜನ್ ಹೊರಗೆ ಹೋಗದಿದ್ದರೆ ಕ್ರಿಯೆ ವಾಪಸ್ ತಿರುಗುತ್ತದೆ. ಕಂಡೆನ್ಸರ್ ಮೇಲಿಂದ ಒಂದು ಕೊಳವೆ ಗ್ಯಾಸ್ ಬ್ಯುರೆಟ್‌ಗೆ ಹೋಗಲಿ. ಸುತ್ತ ಎಲ್ಲೂ ಬೆಂಕಿ, ಕಿಡಿ ಇರಬಾರದು. ಹುಡ್‌ನ ಫ್ಯಾನ್ ಕರೆಂಟ್ ಹೋದಾಗ ನಿಲ್ಲುತ್ತದಾದರೆ ಯುಪಿಎಸ್ ಇಲ್ಲದೆ ಈ ಪ್ರಯೋಗ ಬಿಟ್ಟು ಮನೆಗೆ ಹೋಗಬೇಡಿ.

ಈಗ ಬೆಂಗಳೂರಿನ ಎತ್ತರದ ಲೆಕ್ಕ. ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದೇವೆ. ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. ಎರಡು ಕಡೆ ಇದು ಹೊಡೆಯುತ್ತದೆ.

ಒಂದು, ಟೊಲ್ಯೂಯಿನ್ ಇಲ್ಲಿ 110.6ರಲ್ಲಿ ಅಲ್ಲ, ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ಎಣ್ಣೆ ಬಾತ್ 120 ಇಟ್ಟರೂ ಒಳಗಿನ ಉಷ್ಣತೆ ಏರುವುದಿಲ್ಲ. ಕ್ರಿಯೆ ದಾಟಬೇಕಾದ ಶಕ್ತಿಯ ತಡೆಗೋಡೆ ಮೋಲ್‌ಗೆ 100 ಕಿಲೋಜೂಲ್ ಇದ್ದರೆ ವೇಗ ಸುಮಾರು ಕಾಲು ಭಾಗ ಕುಸಿಯುತ್ತದೆ. ಬೇರೆ ಊರಿನ ಪೇಪರ್ ಜತೆ "ರಿಫ್ಲಕ್ಸ್‌ಗೆ ರಿಫ್ಲಕ್ಸ್" ಅಂತ ಹೋಲಿಸಿದರೆ ನಿಮ್ಮ ವೇಗವರ್ಧಕಕ್ಕೆ ಅನ್ಯಾಯವಾಗುತ್ತದೆ. ಮೆಸಿಟಿಲಿನ್‌ನಂಥ ಹೆಚ್ಚು ಕುದಿಬಿಂದುವಿನ ದ್ರಾವಕದಲ್ಲಿ, ಒಳಗೆ ಥರ್ಮಾಮೀಟರ್ ಇಟ್ಟು ಮಾಡಿ.

ಎರಡನೆಯದು ಅನಿಲದ ಗಾತ್ರ. ಸಮುದ್ರಮಟ್ಟದಲ್ಲಿ 25 ಡಿಗ್ರಿಗೆ ಒಂದು ಮೋಲ್ ಅನಿಲ 24.5 ಲೀಟರ್. ಇಲ್ಲಿ 27.2. ನೀರಿನ ಮೇಲೆ ಹಿಡಿದರೆ ನೀರಾವಿಯ 3.2 ಕಿಲೋಪಾಸ್ಕಲ್ ಕಳೆಯಬೇಕು, ಆಗ 28.2 ಲೀಟರ್. ಅಂದರೆ 10 ಮಿಲಿಮೋಲ್ ಹೈಡ್ರೋಜನ್‌ಗೆ ಬ್ಯುರೆಟ್ 282 ಮಿಲಿಲೀಟರ್ ತೋರಿಸಬೇಕು. 24.5 ಹಿಡಿದು ಲೆಕ್ಕ ಹಾಕಿದರೆ ನಿಮ್ಮ ಟರ್ನೋವರ್ (ಒಂದು ವೇಗವರ್ಧಕ ಅಣು ಎಷ್ಟು ಸಲ ದುಡಿಯಿತು ಅನ್ನುವ ಲೆಕ್ಕ) ಶೇ 15ರಷ್ಟು ಉಬ್ಬಿರುತ್ತದೆ. ಯಶವಂತಪುರದ ಕಡೆಯ ಒಂದು ಲ್ಯಾಬಿನಲ್ಲಿ ಕಲಿಯುವಾಗ ನನಗೆ ಶೇ 112 ಇಳುವರಿ ಬಂದಿತ್ತು. ಮೂರು ದಿನ ಸೋರಿಕೆ ಹುಡುಕಿದೆ. ಸೀನಿಯರ್ ಅಕ್ಕ ಒಬ್ಬರು ಬಂದು "ಬ್ಯಾರೋಮೀಟರ್ ನೋಡಿದ್ಯಾ?" ಅಂದರು. ಅಂದಿನಿಂದ ಒತ್ತಡ ಬರೆಯದೆ ನೋಟ್‌ಬುಕ್‌ನ ಪುಟ ಶುರು ಮಾಡಿಲ್ಲ. ವೇಗವರ್ಧಕ ಹಾಕದೆ ಬರೀ ಬಿಸಿ ಮಾಡಿದ ಒಂದು ಓಟವೂ ಬೇಕು. ಬಿಸಿಗೆ ಹಿಗ್ಗಿದ ಆರ್ಗಾನ್ ಎಷ್ಟು ಅಂತ ಅದರಿಂದ ಗೊತ್ತಾಗುತ್ತದೆ.

ಒಂಬತ್ತನೇ ಹೆಜ್ಜೆ: ಲಿಗ್ಯಾಂಡ್‌ನ ಕೆಲಸವನ್ನು ಸಾಬೀತು ಮಾಡುವುದು

ಮೊದಲು ಸುಲಭದ ಪರೀಕ್ಷೆಗಳು. ಬೇಸ್ ಒಂದನ್ನೇ ಹಾಕಿ. ಆಲ್ಡಿಹೈಡ್ ಸಿಕ್ಕರೆ ಆಲ್ಕಾಕ್ಸೈಡ್ ತಾನೇ ಅದನ್ನು ಟಿಶೆಂಕೋ ಕ್ರಿಯೆಯಿಂದ ಎಸ್ಟರ್ ಮಾಡಬಲ್ಲದು. ಹಾಗಾಗಿ ಎಸ್ಟರ್ ಕಂಡ ಮಾತ್ರಕ್ಕೆ ಎಲ್ಲವನ್ನೂ ಲೋಹವೇ ಮಾಡಿತು ಅನ್ನಲಾಗದು. ಪಿನ್ಸರ್ ಇಲ್ಲದ ಮೂಲ ರುಥೇನಿಯಂ ಸಂಯುಕ್ತ ಹಾಕಿ ನೋಡಿ. ಲೋಹದ ಐದನೇ ಒಂದು ಭಾಗದಷ್ಟು ಟ್ರೈಫೀನೈಲ್‌ಫಾಸ್ಫಿನ್ ಹಾಕಿ ನೋಡಿ. ಅಷ್ಟಕ್ಕೇ ಕ್ರಿಯೆ ಸತ್ತುಹೋದರೆ ಕೆಲಸ ಮಾಡುತ್ತಿದ್ದದ್ದು ಲೋಹದ ಸಣ್ಣ ಕಣಗಳಿರಬಹುದು.

ಆಮೇಲೆ ಕೈ ಕಟ್ಟಿದ ಜೋಡಿ. ಅದು ನಿಂತೇ ಹೋದರೆ ಸಂತೋಷ, ಆದರೆ ಅವಸರ ಬೇಡ. ಮಿಥೈಲ್ ಬರೀ ಪ್ರೋಟಾನ್ ಕಿತ್ತುಕೊಳ್ಳುವುದಿಲ್ಲ. ಜಾಗವನ್ನೂ ತಿನ್ನುತ್ತದೆ, ಹೈಡ್ರೋಜನ್ ಬಂಧವನ್ನೂ ತೆಗೆಯುತ್ತದೆ. 2014ರಲ್ಲಿ ಲಾಸ್ ಅಲಾಮೋಸ್‌ನ ಪಾವೆಲ್ ಡಬ್, ಜಾನ್ ಗಾರ್ಡನ್ ಮತ್ತು ಸಂಗಡಿಗರು ನೊಯೊರಿ ಸಂಯುಕ್ತದ ಬಗ್ಗೆಯೇ ಹೊಸ ವಾದ ಇಟ್ಟರು: ಎನ್–ಎಚ್ ಮುರಿಯಬೇಕಾಗಿಲ್ಲ, ಹುಟ್ಟುತ್ತಿರುವ ಆಲ್ಕಾಕ್ಸೈಡ್‌ನ ಆಮ್ಲಜನಕವನ್ನು ಹೈಡ್ರೋಜನ್ ಬಂಧದಿಂದ ಹಿಡಿದರೆ ಸಾಕು. ಅದೂ ಸಹಕಾರವೇ, ಆದರೆ ಬೇರೆ ಸಹಕಾರ. 2015ರಲ್ಲಿ ಹಜಾರಿ ಮತ್ತು ಬರ್ನ್‌ಸ್ಕೆಟರ್ ಗುಂಪುಗಳ ಕಬ್ಬಿಣದ ಸಂಯುಕ್ತದಲ್ಲಿ ಇನ್ನೂ ವಿಚಿತ್ರ ಕಂಡಿತು. ಕಾರ್ಬನ್ ಡೈಆಕ್ಸೈಡ್‌ಗೆ ಹೈಡ್ರೋಜನ್ ಸೇರಿಸುವಾಗ, ಲಿಥಿಯಂನಂಥ ಲೂಯಿಸ್ ಆಮ್ಲ ಜತೆಗಿದ್ದರೆ, ಎನ್–ಮಿಥೈಲ್ ಲಿಗ್ಯಾಂಡೇ ಮುಂದೆ ಬಂತು. ಕೈ ಕಟ್ಟಿದಾಗಲೇ ಚೆನ್ನಾಗಿ ಓಡಿತು. ನಿಮ್ಮಲ್ಲೂ ಹಾಗಾದರೆ ಬೇಸರ ಪಡಬೇಡಿ, ಅದೇ ದೊಡ್ಡ ಸುದ್ದಿ.

ಮುಂದಿನದು ಐಸೊಟೋಪ್: ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯೂಟೀರಿಯಂ (ಡಿ) ಇಟ್ಟರೆ ವೇಗ ಎಷ್ಟು ಇಳಿಯುತ್ತದೆ ಅಂತ ನೋಡುವುದು. ನಾಲ್ಕು ಬೆಂಜೈಲ್ ಆಲ್ಕೋಹಾಲ್ ಬೇಕು: ಮಾಮೂಲಿ, ಓ–ಡಿ ಮಾತ್ರ, ಸಿ–ಡಿ ಮಾತ್ರ, ಎರಡೂ ಡ್ಯೂಟೀರಿಯಂ. ಓ–ಡಿ ಬೇಕಾದರೆ ಭಾರಜಲದಲ್ಲಿ ಅಲ್ಲಾಡಿಸಿದರೆ ಸಾಕು. ಸಿ–ಡಿಗೆ ಮಿಥೈಲ್ ಬೆಂಜೊಯೇಟನ್ನು ಲಿಥಿಯಂ ಅಲ್ಯೂಮಿನಿಯಂ ಡ್ಯೂಟರೈಡ್‌ನಿಂದ ಇಳಿಸಬೇಕು (ರಿಡಕ್ಷನ್). ಪ್ರತಿಯೊಂದರ ಆರಂಭಿಕ ವೇಗ ಅಳೆಯಿರಿ. ಪ್ರೋಟಾನ್ ಮತ್ತು ಹೈಡ್ರೈಡ್ ಒಂದೇ ಹಂತದಲ್ಲಿ ಒಟ್ಟಿಗೆ ಜಿಗಿದರೆ ಓ–ಡಿ ಮತ್ತು ಸಿ–ಡಿಯ ಬಿಡಿ ಪರಿಣಾಮಗಳ ಗುಣಲಬ್ಧ, ಎರಡೂ ಡ್ಯೂಟೀರಿಯಂ ಇರುವಾಗಿನ ಪರಿಣಾಮಕ್ಕೆ ಸಮನಾಗಬೇಕು. 2001ರಲ್ಲಿ ಚಾರ್ಲ್ಸ್ ಕೇಸಿ ಗುಂಪು ಶ್ವೋ ಸಂಯುಕ್ತ ಬೆಂಜಾಲ್ಡಿಹೈಡನ್ನು ಇಳಿಸುವಾಗ ಇದನ್ನೇ ಅಳೆಯಿತು. ಓ–ಎಚ್‌ಗೆ ಸುಮಾರು 2.2, ರುಥೇನಿಯಂ–ಎಚ್‌ಗೆ 1.5, ಎರಡೂ ಸೇರಿದಾಗ 3.6. ಅಳತೆಯ ತಪ್ಪಿನೊಳಗೆ ಗುಣಾಕಾರ ಕೂಡಿಬರುತ್ತದೆ.

ಎಚ್ಚರಿಕೆ ಬೇಕಾದದ್ದು ಎಲ್ಲಿ ಅಂದರೆ, ಎನ್–ಎಚ್, ಓ–ಎಚ್, ಲೋಹದ ಹೈಡ್ರೈಡ್ ಎಲ್ಲ ತಮ್ಮತಮ್ಮಲ್ಲೇ ಡ್ಯೂಟೀರಿಯಂ ಬದಲಾಯಿಸಿಕೊಳ್ಳುತ್ತವೆ. ಕ್ರಿಯೆ ಶೇ 10 ದಾಟುವ ಮುನ್ನವೇ ವೇಗ ಅಳೆಯಿರಿ, ಉಳಿದ ಆಲ್ಕೋಹಾಲ್‌ನಲ್ಲಿ ಡ್ಯೂಟೀರಿಯಂ ಎಲ್ಲಿದೆ ಅಂತ ಎನ್‌ಎಂಆರ್‌ನಲ್ಲಿ ನೋಡಿ. ಇದೇ ಕಾರಣಕ್ಕೆ, ಡ್ಯೂಟೀರಿಯಂ ಅನಿಲ ಹಾಕಿದಾಗ ತೋಳಿನಲ್ಲಿ ಡ್ಯೂಟೀರಿಯಂ ಕಂಡರೆ ಕುಣಿಯಬೇಡಿ. ಆ ತೋಳು ಪ್ರೋಟಾನ್ ಕೊಟ್ಟು ಪಡೆಯಬಲ್ಲದು ಅಂತ ಮಾತ್ರ ಅದು ಹೇಳುತ್ತದೆ. ಕ್ರಿಯೆ ನಡೆಯುವ ಚಕ್ರದಲ್ಲಿ ಅದು ಪಾಲುಗೊಂಡಿದೆ ಅಂತ ಹೇಳುವುದಿಲ್ಲ. ಈ ವಿಷಯದ ಬರಹಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದು.

ಕೊನೆಗೆ ವೇಗವರ್ಧಕದ ಆರ್ಡರ್, ಅಂದರೆ ಅದರ ಪ್ರಮಾಣ ಏರಿದಂತೆ ವೇಗ ಎಷ್ಟು ಏರುತ್ತದೆ ಅನ್ನುವುದು. ಪ್ರಮಾಣ ಎರಡು ಪಟ್ಟು ಮಾಡಿದಾಗ ವೇಗವೂ ಎರಡು ಪಟ್ಟಾದರೆ ಒಂದೇ ಲೋಹ ದುಡಿಯುತ್ತಿದೆ. 1.4 ಪಟ್ಟು ಮಾತ್ರ ಏರಿದರೆ ಅದು ಅರ್ಧ ಆರ್ಡರ್. ಶ್ವೋ ಸಂಯುಕ್ತದಂತೆ ಜೋಡಿಯಾಗಿ ಮಲಗಿದ್ದು ಸೀಳಿಕೊಂಡು ಬರುತ್ತಿರಬಹುದು. ಆಗ ನಾಲ್ಕನೇ ಹೆಜ್ಜೆಗೆ ವಾಪಸ್ ಹೋಗಿ, ಗುಂಪನ್ನು ದಪ್ಪ ಮಾಡಿ.

ಹತ್ತನೇ ಹೆಜ್ಜೆ: ಲೆಕ್ಕ

ಡಿಎಫ್‌ಟಿ (ಅಣುಗಳ ಶಕ್ತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ) ಕೊನೆಗೆ ಇಟ್ಟದ್ದು ಬೇಕೆಂದೇ. ಪ್ರಯೋಗದ ಸಂಖ್ಯೆ ಕೈಯಲ್ಲಿಲ್ಲದೆ ಹಾಕಿದ ಲೆಕ್ಕ ನಿಮಗೆ ಬೇಕಾದದ್ದನ್ನೇ ಹೇಳುತ್ತದೆ. ಇದಕ್ಕೆ ಓರ್ಕಾ ಎಂಬ ಸಾಫ್ಟ್‌ವೇರ್ ವಿದ್ಯಾರ್ಥಿಗಳಿಗೆ ಉಚಿತ. ಈ ಗಾತ್ರದ ಅಣುವಿಗೆ ಒಂದು ಒಳ್ಳೆಯ ಡೆಸ್ಕ್‌ಟಾಪ್ ಸಾಕು, ಟಾಟಾ ಇನ್‌ಸ್ಟಿಟ್ಯೂಟ್‌ನ ಸೂಪರ್ ಕಂಪ್ಯೂಟರ್ ಪರಮ್ ಪ್ರವೇಗ ಬೇಕಾಗಿಲ್ಲ. ಡಿಸ್ಪರ್ಶನ್ ಸರಿಪಡಿಕೆ ಬಿಡಬೇಡಿ, ಫೀನೈಲ್ ಗುಂಪುಗಳ ನಡುವಿನ ಸೆಳೆತ ಅದಿಲ್ಲದೆ ಕಾಣುವುದಿಲ್ಲ. ಕನಿಷ್ಠ ಒಂದು ಆಲ್ಕೋಹಾಲ್ ಅಣುವನ್ನು ಪ್ರೋಟಾನ್ ಹೊತ್ತೊಯ್ಯುವ ಸೇತುವೆಯಾಗಿ ಒಳಗೆ ಇಟ್ಟು ನೋಡಿ. ಅದರಿಂದ ತಡೆಗೋಡೆ ಎಷ್ಟೋ ಸಲ ಕುಸಿಯುತ್ತದೆ. ಲಿಗ್ಯಾಂಡ್ ಮಾಡುತ್ತಿದೆ ಅಂದುಕೊಂಡ ಕೆಲಸವನ್ನು ಆಲ್ಕೋಹಾಲೇ ಮಾಡುತ್ತಿರಲೂಬಹುದು.

ಲೆಕ್ಕವನ್ನು ಎರಡೂ ಲಿಗ್ಯಾಂಡ್‌ಗೆ ಮಾಡಿ. ಅಳೆದ ಐಸೊಟೋಪ್ ಸಂಖ್ಯೆಯ ಪಕ್ಕದಲ್ಲೇ ಲೆಕ್ಕದ ಸಂಖ್ಯೆ ಬರೆಯಿರಿ. ಹೈಡ್ರೋಜನ್ ಹೊರಬಂದ ಗ್ರಾಫ್ ಹಾಕುವಾಗ ದುಡಿಯುವ ಲಿಗ್ಯಾಂಡ್‌ನ ಗೆರೆ ಮತ್ತು ಕೈ ಕಟ್ಟಿದ್ದರ ಗೆರೆ ಒಂದೇ ಚೌಕಟ್ಟಿನಲ್ಲಿ, ಒಂದೇ ಮಾಪನದಲ್ಲಿ ಇರಲಿ. ಕೆಳಗೆ ಆ ದಿನದ ಒತ್ತಡ ಮತ್ತು ಫ್ಲಾಸ್ಕ್ ಒಳಗಿನ ಉಷ್ಣತೆ ಬರೆಯಿರಿ. ವೈವಾಕ್ಕೆ ಬರುವಾಗ ನಾನು ಮೊದಲು ತೆಗೆಯುವ ಪುಟ ಅದೇ.